ಕಬ್ಬಿಣದ ಮೇಲಿನ ಏಳು ಅಂಕಿ

1963ರ ಷೆವ್ರೊಲೆ ಕಾರ್ವೆಟ್ಟಿನ ಬಾನೆಟ್ ಎತ್ತಿದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಹೊಳೆಯುವ ವಾಲ್ವ್ ಕವರುಗಳ ಮೇಲೆ. ಬಲ್ಲವರು ಟಾರ್ಚು, ಹಳೇ ಬಟ್ಟೆ, ತುಸು ಥಿನ್ನರ್ ಹಿಡಿದು ವಾಟರ್ ಪಂಪಿನ ಪಕ್ಕಕ್ಕೆ ಬಗ್ಗುತ್ತಾರೆ. ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆ ಎಂಜಿನ್ ಬ್ಲಾಕಿನ ಕಬ್ಬಿಣ ಒಂದು ಸಣ್ಣ ಪಟ್ಟಿಯಷ್ಟು ಬಯಲಾಗಿರುತ್ತದೆ. ಜಿಡ್ಡು ಒರೆಸಿದರೆ ಅಲ್ಲಿ ಎರಡು ಗುರುತುಗಳು ಕಾಣುತ್ತವೆ. ಒಂದರಲ್ಲಿ ಎಫ್, 0112, ಆರ್‌ಎಫ್ ಎಂದಿದೆ ಅನ್ನಿ. ಮಿಷಿಗನ್ನಿನ ಫ್ಲಿಂಟ್ ಕಾರ್ಖಾನೆಯಲ್ಲಿ, ಜನವರಿ 12ರಂದು ಜೋಡಿಸಿದ, 360 ಅಶ್ವಶಕ್ತಿಯ ಫ್ಯೂಯೆಲ್ ಇಂಜೆಕ್ಷನ್ ಎಂಜಿನ್ ಎಂದು ಅದರ ಅರ್ಥ. ಇಸವಿ ಮಾತ್ರ ಅಲ್ಲಿಲ್ಲ. ಇನ್ನೊಂದು ಗುರುತಿನಲ್ಲಿ ಏಳು ಅಂಕಿಗಳಿವೆ. ಕಾರನ್ನು ಪೂರ್ತಿ ಜೋಡಿಸುತ್ತಿದ್ದ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಹೊಡೆದದ್ದು ಅದು. ಮೊದಲಿನ 3 ಇಸವಿಯನ್ನು ಹೇಳಿದರೆ, ಉಳಿದ ಆರು ಆ ಕಾರಿನದೇ ಸರಣಿ ಸಂಖ್ಯೆ. ಕಾರಿನ ನಂಬರ್ ತಗಡಿನ ಕೊನೆಯ ಆರು ಅಂಕಿಗಳಿಗೂ ಇವಕ್ಕೂ ತಾಳೆಯಾಗಬೇಕು. ಹಳೇ ಕಾರುಗಳ ಲೋಕದಲ್ಲಿ ‘ಮ್ಯಾಚಿಂಗ್ ನಂಬರ್ಸ್’ ಎನ್ನುವುದು ಇದನ್ನೇ.

ಕಾರ್ಖಾನೆಯವರು ಈ ಅಂಕಿಗಳನ್ನು ಹೊಡೆದದ್ದು ಮುಂದೊಂದು ದಿನ ಕೊಳ್ಳುವವನು ಓದಲಿ ಎಂದಲ್ಲ. ಒಂದೇ ಸಾಲಿನಲ್ಲಿ ಹತ್ತಾರು ಬಗೆಯ ಎಂಜಿನ್ನುಗಳು ಬರುವಾಗ ಯಾವ ಕಾರಿಗೆ ಯಾವುದು ಎಂದು ಕೆಲಸಗಾರನಿಗೆ ತಿಳಿಯಬೇಕಿತ್ತು. ಅದಕ್ಕೂ ಹಿಂದೆ, 1950ರ ದಶಕದ ನಡುವಿನವರೆಗೂ, ಅಮೆರಿಕದ ಹಲವು ರಾಜ್ಯಗಳಲ್ಲಿ ಕಾರಿನ ನೋಂದಣಿಯೇ ಎಂಜಿನ್ ನಂಬರಿನ ಮೇಲೆ ಆಗುತ್ತಿತ್ತು. ಎಂಜಿನ್ ಬದಲಾದರೆ ಕಾಗದಪತ್ರವೂ ಬದಲಾಗಬೇಕಿತ್ತು. ಕಳ್ಳತನ ಹೆಚ್ಚಿದ ಮೇಲೆ, 1968ರ ಹೊತ್ತಿಗೆ, ಕಾರಿನ ನಂಬರ್ ಗಾಜಿನ ಹೊರಗಿನಿಂದಲೇ ಕಾಣಬೇಕೆಂಬ ನಿಯಮ ಬಂತು.

ಆ ಏಳು ಅಂಕಿ ತಾಳೆಯಾದ ಮಾತ್ರಕ್ಕೆ ಪರೀಕ್ಷೆ ಮುಗಿಯುವುದಿಲ್ಲ. ಬ್ಲಾಕಿನ ಹಿಂಭಾಗದಲ್ಲಿ, ಗೇರ್ ಬಾಕ್ಸ್ ಕೂರುವ ಕಡೆ, ಅಚ್ಚಿನಲ್ಲೇ ಎರಕವಾಗಿ ಬಂದ ಉಬ್ಬು ಅಕ್ಷರಗಳಿವೆ. 1963ರ ಕಾರ್ವೆಟ್ಟಿಗೆ ಅಲ್ಲಿ ಇರಬೇಕಾದ ಎರಕದ ಸಂಖ್ಯೆ 3782870. ಎರಕ ಹೊಯ್ದ ದಿನವೂ ಹತ್ತಿರದಲ್ಲೇ ಇರುತ್ತದೆ: ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್, ಆಮೇಲೆ ತಾರೀಖು, ಕೊನೆಗೆ ಇಸವಿಯ ಕಡೆಯ ಅಂಕಿ. ಎಲ್ 12 2 ಎಂದಿದ್ದರೆ 1962ರ ಡಿಸೆಂಬರ್ 12. ಮೊದಲು ಎರಕ, ಆಮೇಲೆ ಎಂಜಿನ್ ಜೋಡಣೆ, ಕೊನೆಗೆ ಕಾರು. ಈ ಕ್ರಮ ತಪ್ಪುವಂತಿಲ್ಲ. ಮಾರ್ಚಿನಲ್ಲಿ ಎರಕವಾದ ಬ್ಲಾಕು ಫೆಬ್ರವರಿಯಲ್ಲಿ ಹೊರಬಿದ್ದ ಕಾರಿನಲ್ಲಿದ್ದರೆ, ಮುಂದಿನ ಅಂಕಿಗಳು ಎಷ್ಟೇ ಚೆನ್ನಾಗಿ ತಾಳೆಯಾದರೂ ಆ ಎಂಜಿನ್ ಆ ಕಾರಿನದಲ್ಲ.

ಇಷ್ಟೆಲ್ಲ ನೋಡಬೇಕಾಗಿ ಬಂದದ್ದು ದುಡ್ಡಿನಿಂದ. 1960ರ ದಶಕದಲ್ಲಿ ಈ ಕಾರುಗಳನ್ನು ಕೊಂಡವರು ಓಡಿಸಲೆಂದು, ರೇಸಿಗೆ ಬಿಡಲೆಂದು ಕೊಂಡರು. ಎಂಜಿನ್ ಒಡೆದರೆ ಇಳಿಸಿ ಬೇರೆಯದನ್ನು ಕೂರಿಸುತ್ತಿದ್ದರು. ವಾರಂಟಿಯಲ್ಲಿ ಕಂಪನಿಯೇ ಕೊಟ್ಟ ಬದಲಿ ಎಂಜಿನ್ನುಗಳ ಮೇಲೆ ಸಿಇ ಎಂದು ಹೊಡೆದಿರುತ್ತಿತ್ತು. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆದರೆ ಇದೇ ಕಾರುಗಳು ಸಂಗ್ರಾಹಕರ ಕೈಗೆ ಹೋದಾಗ ಲೆಕ್ಕವೇ ಬದಲಾಯಿತು. 1967ರಲ್ಲಿ 22,940 ಕಾರ್ವೆಟ್ಟುಗಳು ತಯಾರಾದವು. ಎಲ್88 ಎಂಬ 427 ಘನ ಅಂಗುಲದ ಎಂಜಿನ್ ಹೊತ್ತು ಬಂದವು ಅವುಗಳಲ್ಲಿ ಬರೀ 20. ಆ ಇಪ್ಪತ್ತರಲ್ಲಿ ಒಂದು 2014ರಲ್ಲಿ ಸ್ಕಾಟ್ಸ್‌ಡೇಲ್ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಹೋಯಿತು.

ಹೀಗೆ ಬೆಲೆ ಏರಿದಾಗ ಖೋಟಾ ಕೆಲಸವೂ ಬಂತು. ಹಳೆಯ ಅಂಕಿಗಳನ್ನು ಉಜ್ಜಿ ತೆಗೆದು, ಬೇಕಾದ ಅಂಕಿಗಳನ್ನು ಹೊಡೆಯುವುದು. ಅದನ್ನು ಹಿಡಿಯಲು ನೋಡಬೇಕಾದದ್ದು ಅಂಕಿಗಳ ನಡುವಿನ ಖಾಲಿ ಜಾಗವನ್ನು. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ಬ್ರೋಚಿಂಗ್ ಯಂತ್ರದ ಹಲ್ಲುಗಳು ಸವರಿ ಸಮ ಮಾಡುತ್ತಿದ್ದವು. ಬಾಚಣಿಗೆ ಎಳೆದಂತೆ ಸಣ್ಣ ಸಮಾನಾಂತರ ಗೆರೆಗಳು ಉದ್ದಕ್ಕೂ ಉಳಿಯುತ್ತಿದ್ದವು. ಅಂಕಿ ಹೊಡೆದದ್ದು ಆಮೇಲೆ. ಹಾಗಾಗಿ ಅಸಲಿ ಪಟ್ಟಿಯಲ್ಲಿ ಗೆರೆಗಳು ಅಂಕಿಯ ಈಚೆಯಿಂದ ಆಚೆಗೆ ತಪ್ಪದೆ ಸಾಗುತ್ತವೆ. ಗ್ರೈಂಡರ್ ತಾಗಿದ ಕಡೆ ಅವು ಅಳಿಸಿರುತ್ತವೆ, ಇಲ್ಲವೇ ದಿಕ್ಕು ತಪ್ಪಿರುತ್ತವೆ. ಪ್ರಾಮಾಣಿಕ ಮಾಲೀಕನಿಗೂ ಇಲ್ಲಿ ಒಂದು ಅಪಾಯವಿದೆ: ಎಂಜಿನ್ ಬೋರ್ ಮಾಡಿಸುವಾಗ ಬ್ಲಾಕಿಗೆ ಫೇಸಿಂಗ್ ಹೊಡೆಸಿದರೆ ಅಂಕಿಗಳೂ ಹೋಗಿಬಿಡುತ್ತವೆ, ಅಸಲಿ ಎಂಜಿನ್ನಿಗೆ ಸಾಕ್ಷಿಯೇ ಉಳಿಯುವುದಿಲ್ಲ. ಗೆರೆಗಳನ್ನೂ ನಕಲು ಮಾಡುವ ಕೈಗಳು ಈಗ ಇವೆ. ಅದಕ್ಕೇ 1974ರಲ್ಲಿ ಶುರುವಾದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿಯಂಥ ಸಂಘಗಳಲ್ಲಿ ಪಳಗಿದ ಕಣ್ಣಿಗೆ ಅಷ್ಟು ಬೆಲೆ. 1967ರಿಂದ ಈಚಿನ ಕಾರುಗಳಲ್ಲಿ ಇನ್ನೊಂದು ಸಾಕ್ಷಿ ಸಿಗಬಹುದು: ಕೆಲಸಗಾರರು ಆರ್ಡರಿನ ಒಂದು ಪ್ರತಿಯನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸುತ್ತಿದ್ದರು. ಟ್ಯಾಂಕ್ ಇಳಿಸಿದಾಗ ಆ ಕಾಗದ ಓದುವ ಸ್ಥಿತಿಯಲ್ಲಿ ಸಿಕ್ಕರೆ ಅದೃಷ್ಟ.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಕೋರ್ಟಿನವರೆಗೂ ಹೋಯಿತು. ‘ಓಲ್ಡ್ ನಂಬರ್ ಒನ್’ ಎಂದೇ ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ 1929 ಮತ್ತು 1930ರಲ್ಲಿ ಲೆ ಮಾನ್ಸ್ ರೇಸ್ ಗೆದ್ದಿತ್ತು. ಎರಡು ಸಲವೂ ವುಲ್ಫ್ ಬರ್ನಾಟೊ ಚಾಲಕರಲ್ಲಿ ಒಬ್ಬರು. ಆಮೇಲೆ ಅದಕ್ಕೆ 8 ಲೀಟರ್ ಎಂಜಿನ್ ಕೂರಿಸಿದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅದು ಅಂಚು ದಾಟಿ ಬಿದ್ದು ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡರು. ಕಾರನ್ನು ಮತ್ತೆ ಕಟ್ಟಲಾಯಿತು. ಮುಂದೆ ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು: ಲೆ ಮಾನ್ಸ್ ಗೆದ್ದಾಗಿನ ಭಾಗಗಳು ಬಹುಪಾಲು ಉಳಿದಿಲ್ಲ, ನಿಜ. ಆದರೆ ಈ ಕಾರಿನ ಚರಿತ್ರೆ ಎಲ್ಲೂ ಕಡಿದಿಲ್ಲ, ಬದಲಾವಣೆಗಳು ಒಂದೊಂದಾಗಿ ಆದವು. ಆದ್ದರಿಂದ ಓಲ್ಡ್ ನಂಬರ್ ಒನ್ ಇದೇ. ತೀರ್ಪು ನ್ಯಾಯವಾದದ್ದೇ. ಬದಲಾದ ಎಂಜಿನ್ ಕೂಡ ಕಾರಿನ ಬದುಕಿನಲ್ಲಿ ನಡೆದ ಸಂಗತಿ. ಅದನ್ನು ಒಪ್ಪಿಕೊಂಡು ಹೇಳಿದ ಕಾರಿಗೆ ಮರ್ಯಾದೆ ಕಡಿಮೆಯಾಗಬೇಕಿಲ್ಲ. ಗ್ರೈಂಡರ್ ಹಿಡಿದವನು ಅಳಿಸುವುದು ಮಾತ್ರ ಎರಡು ಕಾರುಗಳ ಚರಿತ್ರೆಯನ್ನು: ಆ ಬ್ಲಾಕು ಮೊದಲು ಇದ್ದ ಕಾರಿನದು ಒಂದು, ಈಗ ಇರುವುದರದು ಇನ್ನೊಂದು.

ಭಾರತದಲ್ಲಿ ಈ ಮಾತಿಗೆ ಹೆಚ್ಚು ತೂಕವಿದೆ. ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬಯಿಯಲ್ಲಿ ಷೆವ್ರೊಲೆ ಕಾರುಗಳನ್ನು ಜೋಡಿಸುತ್ತಿತ್ತು. ಕಂಪನಿ ಹೊರಟುಹೋದ ಮೇಲೂ ಕಾರುಗಳು ಉಳಿದವು. ಬಿಡಿಭಾಗ ಸಿಗಲಿಲ್ಲ, ಪೆಟ್ರೋಲ್ ದುಬಾರಿಯಾಯಿತು. ದೊಡ್ಡ ಅಮೆರಿಕನ್ ಕಾರುಗಳಿಗೆ ಗ್ಯಾರೇಜುಗಳಲ್ಲಿ ಡೀಸೆಲ್ ಎಂಜಿನ್ ಕೂರಿಸಿದರು. ಹಾಗೆ ಮಾಡದಿದ್ದರೆ ಎಷ್ಟೋ ಕಾರುಗಳು ಗುಜರಿಗೆ ಹೋಗುತ್ತಿದ್ದವು. ಕಾನೂನು ಅದಕ್ಕೆ ದಾರಿಯನ್ನೂ ಇಟ್ಟಿದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಾಯಿಸಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನಮೂದು ಮಾಡಿಸಬೇಕು. ನೋಂದಣಿ ಅರ್ಜಿಗೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುವುದು ಇಲ್ಲಿ ಹಳೆಯ ರೂಢಿ. ಅಂಕಿಗಳ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಯ ಆಕಾರವೇ ಕಾಗದಕ್ಕೆ ಇಳಿಯುತ್ತದೆ. ಕೈಯಲ್ಲಿ ಬರೆದುಕೊಂಡ ನಂಬರಿಗಿಂತ ಇದು ಎಷ್ಟೋ ಮೇಲು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿಎ ಎಂಬ ಅಕ್ಷರಗಳು. ವಾಹನ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ಹೀಗಾಗಿ ಇಲ್ಲಿಯೂ ಹಳೆಯ ಎಂಜಿನ್ ನಂಬರ್ ಹುಡುಕಬೇಕಾಗಿ ಬಂದಿದೆ. ಅದು ಸಿಗಬಹುದಾದ ಮೊದಲ ಜಾಗ ಹಳೇ ಆರ್‌ಸಿ ಬುಕ್ಕು: ಒಂದು ಎಂಜಿನ್ ನಂಬರ್ ಹೊಡೆದುಹಾಕಿ ಇನ್ನೊಂದನ್ನು ಬರೆದಿದ್ದರೆ ಎರಡನ್ನೂ ಅಲ್ಲಿ ಓದಬಹುದು. ಆ ಪುಸ್ತಕವನ್ನು ಕೊಟ್ಟು ಸ್ಮಾರ್ಟ್ ಕಾರ್ಡ್ ಪಡೆಯುವವರು ಮೊದಲು ಪ್ರತಿ ಪುಟದ ನಕಲು ತೆಗೆದಿಟ್ಟುಕೊಳ್ಳಬೇಕು. ಕಾರ್ಡಿನಲ್ಲಿ ಅಚ್ಚಾಗುವುದು ಈಗಿನ ಎಂಜಿನ್ ನಂಬರ್ ಮಾತ್ರ.