ಒಂದೇ ಹಾರ್ಡ್ ಡಿಸ್ಕ್, ಬೇರೆ ಬೇರೆ ಪಹಣಿ (ಕಂಪ್ಯೂಟರ್ ಚರಿತ್ರೆ, ಭಾಗ 4)

ತಿಪಟೂರಿನ ಯಾವುದೋ ಸ್ಟುಡಿಯೋದಲ್ಲಿ ಮ್ಯಾಕ್ ಇದೆ ಅಂದ್ಕೊಳ್ಳಿ. ನಿಮ್ಮಕ್ಕನ ಮದುವೆ ವಿಡಿಯೋನ ಅವರ ಹಾರ್ಡ್ ಡಿಸ್ಕ್‌ನಲ್ಲೇ ಇಸ್ಕೊಂಡು, ತುರುವೇಕೆರೆ ಬಸ್ ಹತ್ತಿ ಮನೆಗೆ ಬಂದ್ರಿ. ವಿಂಡೋಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದ ತಕ್ಷಣ ಕೇಳುತ್ತೆ: ಇದನ್ನ ಬಳಸೋಕೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲಾ?

ಕೈ ತಡೀರಿ! ಡಿಸ್ಕ್ ಕೆಟ್ಟಿಲ್ಲ. ವಿಂಡೋಸ್‌ಗೆ ಅದರ ಪಹಣಿ ಓದೋಕೆ ಬರಲ್ಲ, ಅಷ್ಟೇ.

ತೋಟ ಬೇರೆ, ತೋಟದ ಪಹಣಿ ಬೇರೆ ಅಲ್ವಾ? ಡಿಸ್ಕ್‌ನಲ್ಲೂ ಹಾಗೇ. ಯಾವ ಫೈಲ್ ಎಲ್ಲಿದೆ, ಯಾವ ಜಾಗ ಖಾಲಿ ಅನ್ನೋ ದಾಖಲೆಯ ಪದ್ಧತಿಗೇ ಫೈಲ್ ಸಿಸ್ಟಮ್ ಅಂತಾರೆ. ಫಾರ್ಮ್ಯಾಟ್ ಅಂದ್ರೆ ಹಳೇ ದಾಖಲೆ ಹರಿದು ಹೊಸ ಖಾಲಿ ದಾಖಲೆ ಬರೆಯೋದು. ಹಾರ್ಡ್ ಡಿಸ್ಕ್‌ಗೆ ಕ್ವಿಕ್ ಫಾರ್ಮ್ಯಾಟ್ ಮಾಡಿದ್ರೆ ಮರಗಳು ಅಲ್ಲೇ ನಿಂತಿರ್ತವೆ, ಕಾಗದ ಮಾತ್ರ ಹೋಗಿರುತ್ತೆ. ಅದಕ್ಕೇ ರಿಕವರಿ ಸಾಫ್ಟ್‌ವೇರ್ ಕೆಲವು ಸಲ ಹುಡುಕಿ ಕೊಡೋದು. ಅದರ ಮೇಲೆ ಹೊಸ ಫೈಲ್ ತುಂಬಿದ್ರೋ, ಮರಾನೂ ಕಡಿದ ಹಾಗೆ.

ಈಗ ಚರಿತ್ರೆ. 1977ರಲ್ಲಿ ಮೈಕ್ರೋಸಾಫ್ಟ್‌ನ ಮಾರ್ಕ್ ಮೆಕ್‌ಡೊನಾಲ್ಡ್ ಫ್ಲಾಪಿಗಾಗಿ ಫ್ಯಾಟ್ ಅನ್ನೋ ಪದ್ಧತಿ ಬರೆದರು. 1996ರಲ್ಲಿ ಬಂದ ಫ್ಯಾಟ್32 ಅದರದೇ ವಂಶ. ಇದರಲ್ಲಿ ಫೈಲ್‌ನ ಅಳತೆ ಬರೆಯೋಕೆ ಇರೋದು 32 ಬಿಟ್ ಜಾಗ ಮಾತ್ರ, ಹಾಗಾಗಿ ಒಂದು ಫೈಲ್ 4 ಜಿಬಿ ಮುಟ್ಟೋ ಹಾಗಿಲ್ಲ. ಪೆನ್‌ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದ್ರೂ ಜಾತ್ರೆ ವಿಡಿಯೋ ಕಾಪಿ ಆಗಲ್ಲ ಅಂತ ತಲೆ ಕೆಡಿಸ್ಕೊಂಡಿದ್ರೆ, ಕಾರಣ ಇದೇ.

ಅಷ್ಟರಲ್ಲಿ ಎಲ್ಲರೂ ಬೇರೆ ಬೇರೆ ಮನೆ ಕಟ್ಟಿದ್ರು. ಆಪಲ್ 1985ರಲ್ಲಿ ಎಚ್‌ಎಫ್‌ಎಸ್, 1998ರಲ್ಲಿ ಎಚ್‌ಎಫ್‌ಎಸ್ ಪ್ಲಸ್, 2017ರಲ್ಲಿ ಎಪಿಎಫ್‌ಎಸ್ ತಂತು. ಮೈಕ್ರೋಸಾಫ್ಟ್ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಎನ್‌ಟಿಎಫ್‌ಎಸ್ ಕೊಡ್ತು. ಲಿನಕ್ಸ್‌ಗೆ 1992ರಲ್ಲಿ ರೆಮಿ ಕಾರ್ಡ್ ಬರೆದ ಎಕ್ಸ್ಟ್ ಈಗ ಎಕ್ಸ್ಟ್4 ಆಗಿದೆ. ಎನ್‌ಟಿಎಫ್‌ಎಸ್ ಡಿಸ್ಕನ್ನ ಮ್ಯಾಕ್ ಓದುತ್ತೆ, ಆದ್ರೆ ತಾನಾಗೇ ಬರೆಯಲ್ಲ. ಮ್ಯಾಕ್‌ನ ಡಿಸ್ಕನ್ನ ವಿಂಡೋಸ್ ಓದೋದೂ ಇಲ್ಲ.

ಎಲ್ಲರಿಗೂ ಹೊಂದೋದು ಎಕ್ಸ್‌ಫ್ಯಾಟ್. 2006ರಲ್ಲೇ ಹುಟ್ಟಿದ್ದು, 2010ರಲ್ಲಿ ಮ್ಯಾಕ್‌ಗೂ ಬಂತು. ಲಿನಕ್ಸ್‌ನವರು ಮಾತ್ರ ಕಾಯಬೇಕಾಯ್ತು, ಯಾಕಂದ್ರೆ ಪೇಟೆಂಟ್ ಮೈಕ್ರೋಸಾಫ್ಟ್ ಕೈಲಿತ್ತು. 2019ರ ಆಗಸ್ಟ್‌ನಲ್ಲಿ ಕಂಪನಿ ಅದರ ವಿವರಗಳನ್ನ ಬಹಿರಂಗ ಮಾಡ್ತು. 2020ರ ಲಿನಕ್ಸ್ 5.7ರಲ್ಲಿ ಒಳ್ಳೇ ಡ್ರೈವರ್ ಸೇರಿತು. ತಂತ್ರಜ್ಞಾನ ತಯಾರಿದ್ದೂ ಹದಿಮೂರು ವರ್ಷ ಬೀಗ ಹಾಕಿ ಇಟ್ಟಿದ್ದು ನನಗಂತೂ ಸರಿ ಕಾಣಲ್ಲ.

ಎಕ್ಸ್‌ಫ್ಯಾಟ್‌ಗೆ ಒಂದು ಕೊರತೆ ಇದೆ: ಜರ್ನಲ್ ಇಲ್ಲ. ಅಂದ್ರೆ ಏನು ಬದಲಾಯಿಸ್ತಿದೀನಿ ಅಂತ ಮೊದಲೇ ಗುರುತು ಹಾಕ್ಕೊಳ್ಳಲ್ಲ. ಕಾಪಿ ಆಗ್ತಿರುವಾಗ ಚಿಕ್ಕನಾಯಕನಹಳ್ಳೀಲಿ ಕರೆಂಟ್ ಹೋದ್ರೆ, ಅಥವಾ ನೀವೇ ವೈರ್ ಕಿತ್ರೆ, ದಾಖಲೆ ಅರ್ಧಕ್ಕೇ ನಿಲ್ಲಬಹುದು. ಇಜೆಕ್ಟ್ ಒತ್ತಿ, ಆಮೇಲೆ ತೆಗೀರಿ.

ಸರಿ, ಈಗ ನನಗೆ ತುಂಬಾ ಇಷ್ಟವಾದ ವಿಷಯ. ಹಳೇ ಮ್ಯಾಕ್‌ನಲ್ಲಿ ‘ಕೊಬ್ಬರಿ’ ಅಂತ ಫೈಲ್‌ಗೆ ಹೆಸರಿಡಿ. ನಾವು ‘ಕೊ’ ಬರೆಯುವಾಗ ಯೂನಿಕೋಡ್‌ನಲ್ಲಿ ಒತ್ವದ ಗುರುತು ಒಂದೇ ಸಂಕೇತ. ಎಚ್‌ಎಫ್‌ಎಸ್ ಪ್ಲಸ್ ಅದನ್ನ ಬಿಡಿಸಿ, ಎತ್ವ ಮತ್ತು ಊತ್ವ ಅಂತ ಎರಡು ಸಂಕೇತವಾಗಿ ಇಡುತ್ತಿತ್ತು! ಕಣ್ಣಿಗೆ ಎರಡೂ ಒಂದೇ ‘ಕೊಬ್ಬರಿ’. ಆದ್ರೆ ಎಕ್ಸ್ಟ್4 ಹೆಸರನ್ನ ಬರೀ ಬೈಟ್‌ಗಳಾಗಿ ನೋಡೋದ್ರಿಂದ, ಒಂದೇ ಫೋಲ್ಡರ್‌ನಲ್ಲಿ ಎರಡು ‘ಕೊಬ್ಬರಿ’ ಪಕ್ಕಪಕ್ಕ ಕೂರಬಹುದು. ಹುಡುಕಿದ್ರೆ ಒಂದು ಸಿಗುತ್ತೆ, ಇನ್ನೊಂದು ಸಿಗದೇ ಇರಬಹುದು. ಉಂಡೆ ಕೊಬ್ಬರಿ ಮಾರೋ ಊರಲ್ಲಿ ಕೊಬ್ಬರಿ ಒಡೆದದ್ದು ಕಂಪ್ಯೂಟರ್ ನೋಡಿ 😄

ಆ ಮದುವೆ ವಿಡಿಯೋ? ಡಿಸ್ಕನ್ನ ಇನ್ನೊಂದು ಸಲ ಮ್ಯಾಕ್‌ಗೇ ಚುಚ್ಚಿ, ಎಲ್ಲಾ ಬೇರೆ ಕಡೆ ಕಾಪಿ ಮಾಡಿ. ಕಾಪಿ ಆದದ್ದನ್ನ ತೆರೆದು ನೋಡಿ. ಆಮೇಲೆ ಡಿಸ್ಕ್ ಯುಟಿಲಿಟಿಯಲ್ಲಿ ಎಕ್ಸ್‌ಫ್ಯಾಟ್ ಆರಿಸಿ ಫಾರ್ಮ್ಯಾಟ್ ಮಾಡಿ, ವಾಪಸ್ ತುಂಬಿ.

ಭಾಗ 5ರಲ್ಲಿ ನುಡಿ, ಬರಹದ ಹಳೇ ಫೈಲ್‌ಗಳು. ನಿಮ್ಮನೇಲಿ ಇದ್ರೆ ಕಮೆಂಟ್ ಹಾಕಿ.

#ಕಂಪ್ಯೂಟರ್‌ಚರಿತ್ರೆ #ತಿಪಟೂರು #ಕಲ್ಪತರುನಾಡು