ಜ್ವರಗಳ ನಡುವೆ ಒಂದು ಜ್ವರ: ಎಚ್‌ಐವಿಯ ಮೊದಲ ಲಕ್ಷಣಗಳು ಮತ್ತು ರಾಯಚೂರು ಸೀಮೆ

ಮಳೆ ಹಿಡಿದು ಕಾಲುವೆಗೆ ನೀರು ಬಂತೆಂದರೆ ರಾಯಚೂರಿನ ದವಾಖಾನೆಗಳ ಮುಂದೆ ಜ್ವರದವರ ಸಾಲು ಬೆಳೆಯುತ್ತದೆ. ಮಾನ್ವಿಯ ಭತ್ತದ ಗದ್ದೆಗಳ ಕಡೆಯವರಿಗೆ ಮಲೇರಿಯಾ ಶಂಕೆ, ನಗರದ ಬಡಾವಣೆಯವರಿಗೆ ಡೆಂಗಿ ಶಂಕೆ, ಟೈಫಾಯಿಡ್ ಶಂಕೆ ಎಲ್ಲರಿಗೂ. ರಕ್ತಪರೀಕ್ಷೆಯ ಚೀಟಿಯಲ್ಲಿ ವಿಡಾಲ್, ಮಲೇರಿಯಾ, ಎನ್‌ಎಸ್‌1, ಪ್ಲೇಟ್‌ಲೆಟ್ ಎಂದು ಸಾಲಾಗಿ ಬರೆದಿರುತ್ತದೆ. ಅದರಲ್ಲಿ ಎಚ್‌ಐವಿ ಎಂಬ ಮೂರಕ್ಷರ ಕಾಣುವುದು ಕಡಿಮೆ. ಆದರೆ ಆ ವೈರಸ್ ಮೈ ಹೊಕ್ಕ ಎರಡರಿಂದ ನಾಲ್ಕು ವಾರಗಳಲ್ಲಿ ಬಹಳ ಜನರಿಗೆ ಬರುವ ಮೊದಲ ಕಾಯಿಲೆಯೂ ಇಂಥದೇ ಜ್ವರ. ಗಂಟಲು ನೋವು, ಕೀಲು ನೋವು, ಮೈಮೇಲೆ ಕೆಂಪು ದದ್ದು, ಕುತ್ತಿಗೆ ಕಂಕುಳಲ್ಲಿ ಗಡ್ಡೆ, ರಾತ್ರಿ ಬೆವರು. ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಸೂಜಿ ಮಾಡಿಸಿಕೊಂಡವರು ಸೂಜಿಯಿಂದ ಇಳಿಯಿತೆಂದು ನಂಬುತ್ತಾರೆ. ಕೆಲವರಿಗೆ ಅಷ್ಟೂ ಆಗುವುದಿಲ್ಲ, ಏನೂ ಗೊತ್ತಾಗದೆಯೇ ಆ ದಿನಗಳು ಕಳೆದುಹೋಗುತ್ತವೆ.

ಇಂಥ ಕಾಯಿಲೆಯೊಂದು ಇದೆಯೆಂದು ವೈದ್ಯಲೋಕಕ್ಕೆ ತಿಳಿದದ್ದೇ ತಡವಾಗಿ. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ವಿಚಿತ್ರ ನ್ಯುಮೋನಿಯಾ ವರದಿಯಾದಾಗ ಕಂಡದ್ದು ರೋಗದ ಕೊನೆಯ ಘಟ್ಟ. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್‌ವಾಸ್ ಬಾರ್ರೆ ಸಿನೂಸಿ ಮತ್ತು ಲೂಕ್ ಮೊಂಟಾನಿಯೆ ಅವರ ತಂಡ ವೈರಸ್ಸನ್ನು ಹಿಡಿಯಿತು. 1985ಕ್ಕೆ ಎಲೈಸಾ ಪರೀಕ್ಷೆ ಬಂತು. ಪ್ರಯೋಗಾಲಯವಿಲ್ಲದ ನಾಡುಗಳಿಗಾಗಿ ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಬಾಂಗಿ ನಗರದಲ್ಲಿ ಒಂದು ವ್ಯಾಖ್ಯೆ ಸಿದ್ಧಪಡಿಸಿತು: ತೂಕದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಕೆ, ತಿಂಗಳಿಗೂ ಮೀರಿದ ಭೇದಿ, ತಿಂಗಳಿಗೂ ಮೀರಿದ ಜ್ವರ. ಈ ಮೂರು ಪ್ರಮುಖ ಲಕ್ಷಣಗಳಲ್ಲಿ ಎರಡು, ಜೊತೆಗೆ ಸಣ್ಣ ಲಕ್ಷಣಗಳಲ್ಲಿ ಒಂದು ಇದ್ದರೆ ಏಡ್ಸ್ ಎಂದು ಲೆಕ್ಕ. ನಮ್ಮ ಊರುಗಳಲ್ಲಿ ಇಂದಿಗೂ ‘ಏಡ್ಸ್’ ಎಂದಾಗ ಕಣ್ಣಿಗೆ ಕಟ್ಟುವ ಎಲುಬಿನ ಹಂದರದ ಚಿತ್ರ ಆ ಕಾಲದ್ದು. ಮೈ ತುಂಬಿಕೊಂಡು ಗದ್ದೆಯಲ್ಲಿ ದುಡಿಯುವವನನ್ನು ಯಾರೂ ಅನುಮಾನಿಸದಿರುವುದಕ್ಕೆ, ಅವನೂ ತನ್ನನ್ನು ಅನುಮಾನಿಸದಿರುವುದಕ್ಕೆ ಆ ಚಿತ್ರದ ಪಾಲು ದೊಡ್ಡದು.

ಬಾಂಗಿಯಲ್ಲಿ ಕೊನೆಯ ಘಟ್ಟದ ಪಟ್ಟಿ ತಯಾರಾದ ವರ್ಷವೇ ಸಿಡ್ನಿಯಲ್ಲಿ ಡೇವಿಡ್ ಕೂಪರ್ ಮತ್ತು ಸಂಗಡಿಗರು ಮೊದಲ ಘಟ್ಟವನ್ನು ಕಂಡರು. ರಕ್ತದಲ್ಲಿ ಪ್ರತಿಕಾಯ ಹೊಸದಾಗಿ ಮೂಡಿದ 12 ಮಂದಿಯಲ್ಲಿ 11 ಮಂದಿಗೆ ಅದಕ್ಕೆ ಮುಂಚೆ ಥಟ್ಟನೆ ಜ್ವರ ಬಂದು, 3ರಿಂದ 14 ದಿನ ಇದ್ದು ಹೋಗಿತ್ತು. ಅವರು ದಾಖಲಿಸಿದ ಪಟ್ಟಿಯನ್ನು ರಾಯಚೂರಿನ ವೈದ್ಯರು ಓದಿದರೆ ನಕ್ಕಾರು: ಮೈಕೈ ನೋವು, ಕೀಲು ನೋವು, ತಲೆನೋವು, ಭೇದಿ, ಎದೆ ಬೆನ್ನಿನ ಮೇಲೆ ಕೆಂಪು ದದ್ದು, ಪ್ಲೇಟ್‌ಲೆಟ್ ಇಳಿಕೆ. ಡೆಂಗಿಯ ವಿವರಣೆಯೂ ಹೆಚ್ಚುಕಡಿಮೆ ಇದೇ. 2006ರಲ್ಲಿ ಉತ್ತರ ಕರ್ನಾಟಕದ ಊರೂರನ್ನೇ ಮಲಗಿಸಿದ ಚಿಕೂನ್‌ಗುನ್ಯಾವನ್ನು ಕಂಡವರಿಗಂತೂ ಕೀಲು ನೋವಿನ ಜ್ವರ ಎಂದರೆ ಮೊದಲು ನೆನಪಾಗುವುದು ಸೊಳ್ಳೆ.

ಭಾರತದಲ್ಲಿ ಕಥೆ 1986ರಿಂದ. ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಸೋಂಕು ಪತ್ತೆಯಾಯಿತು. ಇಲ್ಲಿ ಲಕ್ಷಣ ನೋಡಿ ಯಾರನ್ನೂ ಹಿಡಿಯಲಿಲ್ಲ, ಅಪಾಯಕ್ಕೆ ಒಡ್ಡಿಕೊಂಡವರು ಯಾರೆಂದು ಯೋಚಿಸಿ ಪರೀಕ್ಷೆ ಮಾಡಿದರು. ಮುಂದೆ ಈ ಶಾಸ್ತ್ರ ಬಂದು ಸೇರಿದ್ದು ಬಹುಮಟ್ಟಿಗೆ ಈ ದಾರಿಗೇ.

ಮೊದಲ ಜ್ವರದ ಬಗ್ಗೆ ನಮ್ಮ ನೆರೆಯಲ್ಲೇ ನಡೆದ ದೊಡ್ಡ ಕೆಲಸ ಪುಣೆಯದು. ರಾಬರ್ಟ್ ಬೋಲಿಂಜರ್ ಮತ್ತು ಅಲ್ಲಿನ ಸಂಶೋಧಕರು ಲೈಂಗಿಕ ರೋಗಗಳ ಚಿಕಿತ್ಸಾಲಯಕ್ಕೆ ಬಂದ ಸುಮಾರು ನಾಲ್ಕು ಸಾವಿರ ಜನರ ರಕ್ತದಲ್ಲಿ, ಪ್ರತಿಕಾಯ ಇನ್ನೂ ಮೂಡದಿದ್ದರೂ ವೈರಸ್ಸಿನ ಪಿ24 ಪ್ರೋಟೀನ್ ಇದೆಯೇ ಎಂದು ಹುಡುಕಿದರು. 58 ಮಂದಿಯಲ್ಲಿ ಸಿಕ್ಕಿತು. 1997ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಜ್ವರ, ಕೀಲು ನೋವು, ರಾತ್ರಿ ಬೆವರು ಇವರಲ್ಲಿ ಎದ್ದು ಕಂಡ ಲಕ್ಷಣಗಳು. ಅಷ್ಟೇ ಮುಖ್ಯವಾಗಿ, ಜನನಾಂಗದ ಹುಣ್ಣು ಮತ್ತು ಕಾಂಡೋಮ್ ಇಲ್ಲದ ಸಂಪರ್ಕವೂ ಜೊತೆಗಿದ್ದವು. ಆ ಕಾಲದ ಸಂಶೋಧನೆಗಳಲ್ಲಿ ನಮ್ಮ ಸೀಮೆಗೆ ಹೆಚ್ಚು ಹೊಂದುವುದು ಇದೇ ಎಂದು ನನಗನಿಸುತ್ತದೆ. ಜ್ವರವೊಂದೇ ಏನನ್ನೂ ಹೇಳದು. ಜ್ವರದ ಜೊತೆ ಹುಣ್ಣು, ಜೊತೆಗೆ ಕಳೆದ ತಿಂಗಳ ವಿಚಾರ ಸೇರಿದಾಗ ಅದು ಮಾತಾಡತೊಡಗುತ್ತದೆ. ಆ ವಿಚಾರ ಕೇಳಲು ವೈದ್ಯರಿಗೆ ಪುರುಸೊತ್ತು ಬೇಕು, ಪರದೆ ಬೇಕು. ಹತ್ತು ಜನ ಸುತ್ತ ನಿಂತು ಕೇಳುವ ಹೊರರೋಗಿ ವಿಭಾಗದಲ್ಲಿ ಆ ಪ್ರಶ್ನೆ ಬಾಯಿಂದ ಹೊರಡುವುದಿಲ್ಲ.

ಮಲೇರಿಯಾ ಶಂಕೆಯ ಮೇಲೆ ಬಂದವರನ್ನೇ ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಉಗಾಂಡಾದಿಂದ ಬಂತು. ಅವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದ್ದದ್ದು ಎಚ್‌ಐವಿಯ ಹೊಸ ಸೋಂಕು. ಅಲ್ಲಿ ಸೋಂಕಿನ ಪ್ರಮಾಣ ನಮಗಿಂತ ಎಷ್ಟೋ ಪಾಲು ಹೆಚ್ಚು, ಹಾಗಾಗಿ ಆ ಅಂಕಿಯನ್ನು ಇಲ್ಲಿಗೆ ಹೊರಬೇಕಾಗಿಲ್ಲ. ಆಮೇಲೆ 2016ರಲ್ಲಿ ಪೂರ್ವ ಆಫ್ರಿಕಾ ಮತ್ತು ಥಾಯ್ಲೆಂಡಿನ ಅಧ್ಯಯನ ಇನ್ನೂ ಹತ್ತಿರದಿಂದ ನೋಡಿತು. ಸೋಂಕಿನ ಅಪಾಯದಲ್ಲಿದ್ದವರ ರಕ್ತವನ್ನು ವಾರಕ್ಕೆರಡು ಸಲ ತೆಗೆದು, ಸೋಂಕು ತಗುಲಿದ ದಿನಗಳನ್ನೇ ಹಿಡಿದರು. ಲಕ್ಷಣಗಳು ಹೆಚ್ಚಾಗಿ ಕಂಡದ್ದು ವೈರಸ್ ರಕ್ತದಲ್ಲಿ ತುತ್ತತುದಿಗೆ ಏರುವ ಕೆಲವೇ ದಿನ, ಅದೂ ಬಹುತೇಕರಿಗೆ ಸೌಮ್ಯವಾಗಿ. ಅಂದರೆ ಲಕ್ಷಣವನ್ನೇ ನೆಚ್ಚಿಕೊಂಡು ಕೂತರೆ ಬಹಳಷ್ಟು ಜನ ತಪ್ಪಿಸಿಕೊಳ್ಳುತ್ತಾರೆ. ಆ ದಿನಗಳಲ್ಲೇ ಸೋಂಕು ಇನ್ನೊಬ್ಬರಿಗೆ ಅತ್ಯಂತ ಸುಲಭವಾಗಿ ದಾಟುತ್ತದೆ.

ಲಕ್ಷಣ ಕಂಡ ದಿನ ಪರೀಕ್ಷೆ ಮಾಡಿಸಿದರೂ ಮುಗಿಯಲಿಲ್ಲ. ನಮ್ಮ ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿದ್ದ ‘ಕೋಂಬ್ ಏಡ್ಸ್’ ಕಿಟ್ ಹೆಸರಿಗೆ ತಕ್ಕಂತೆ ಹಲ್ಲುಹಲ್ಲಾದ ಪುಟ್ಟ ಪ್ಲಾಸ್ಟಿಕ್ ಬಾಚಣಿಗೆ. ಒಂದೊಂದು ಹಲ್ಲು ಒಬ್ಬೊಬ್ಬರ ರಕ್ತದ್ರವಕ್ಕೆ. ಮೇಲೊಂದು ಚುಕ್ಕೆ ಮೂಡಿದರೆ ಕಿಟ್ ಸರಿಯಾಗಿದೆ, ಕೆಳಗೂ ಮೂಡಿದರೆ ಪ್ರತಿಕಾಯವಿದೆ. ಪ್ರತಿಕಾಯ ಮೂಡಲು ಕೆಲವು ವಾರ ಬೇಕು. ಜ್ವರದ ಉರಿಯಲ್ಲಿರುವವನ ಹಲ್ಲಿನಲ್ಲಿ ಕೆಳಗಿನ ಚುಕ್ಕೆ ಮೂಡದೆ ಹೋಗಬಹುದು. ಇದನ್ನು ‘ವಿಂಡೋ ಪೀರಿಯಡ್’ ಎನ್ನುತ್ತಾರೆ. ಪಿ24 ಪ್ರೋಟೀನನ್ನೂ ಒಟ್ಟಿಗೇ ನೋಡುವ ನಾಲ್ಕನೇ ಪೀಳಿಗೆಯ ಪರೀಕ್ಷೆ ಆ ಅವಧಿಯನ್ನು ಕಿರಿದು ಮಾಡಿತು. ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ಪರೀಕ್ಷೆ ಹತ್ತು ಹನ್ನೆರಡು ದಿನಕ್ಕೇ ತೋರಿಸಬಲ್ಲದು, ಆದರೆ ಅದು ದುಬಾರಿ. ಪ್ರತಿಕಾಯ ಪರೀಕ್ಷೆಯಲ್ಲಿ ‘ಇಲ್ಲ’ ಬಂದರೆ, ಅಪಾಯವಾದ ದಿನದಿಂದ ಮೂರು ತಿಂಗಳಿಗೆ ಮತ್ತೊಮ್ಮೆ ನೋಡಬೇಕು.

ಜ್ವರ ಕಳೆದ ಮೇಲೆ ಬರುವುದು ವರ್ಷಗಳ ಮೌನ. ಆ ಮೌನದ ನಂತರದ ಗುರುತುಗಳೇ ಹಳ್ಳಿಯ ಜನಕ್ಕೆ ಪರಿಚಿತ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ರೋಗವನ್ನು ನಾಲ್ಕು ಹಂತವಾಗಿ ವಿಂಗಡಿಸಿದಾಗ ಎರಡನೇ ಹಂತದಲ್ಲಿ ಸರ್ಪಸುತ್ತನ್ನು ಸೇರಿಸಿತು. ವಯಸ್ಸಾದವರಿಗೆ ಸರ್ಪಸುತ್ತು ಸಹಜ. ಮೂವತ್ತರ ಗಂಡಾಳಿಗೆ ಬಂದರೆ ಒಂದು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಆದರೆ ಅದು ದವಾಖಾನೆ ಮುಟ್ಟುವ ಮುಂಚೆ ಕೆಮ್ಮಣ್ಣು ಹಚ್ಚುವವರ ಮನೆ ಮುಟ್ಟಿರುತ್ತದೆ, ಗುಳ್ಳೆ ಒಣಗಿದ ಮೇಲೆ ಮಾತು ಅಲ್ಲಿಗೇ ನಿಲ್ಲುತ್ತದೆ. ನಾಲಗೆ ಮೇಲೆ ಉಜ್ಜಿದರೆ ಏಳುವ ಬಿಳಿ ಅಗ್ರ, ಬಿಡದ ಕೆಮ್ಮು ಇದರ ಮುಂದಿನವು. ಕ್ಷಯ ಪತ್ತೆಯಾದ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆ ಮಾಡಬೇಕೆಂಬ ನಿಯಮ ಬಂದದ್ದರಿಂದ ಅನೇಕರು ಈ ಘಟ್ಟದಲ್ಲಾದರೂ ಸಿಕ್ಕರು.

ಬೇಗ ಗುರುತಿಸಿ ಪ್ರಯೋಜನವೇನು ಎಂಬ ಪ್ರಶ್ನೆಗೆ ಬಹಳ ಕಾಲ ಉತ್ತರವಿರಲಿಲ್ಲ, ಇದನ್ನು ನಮ್ಮ ಜಾಗೃತಿ ಭಾಷಣಗಳು ಮರೆಯುತ್ತವೆ. 2004ರ ಏಪ್ರಿಲ್‌ನಲ್ಲಿ ವೈರಸ್ಸನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆ, ಅಂದರೆ ಎಆರ್‌ಟಿ, ಸರ್ಕಾರದಿಂದ ಉಚಿತವಾಗಿ ಆರಂಭವಾದಾಗ ಕರ್ನಾಟಕಕ್ಕೆ ಸಿಕ್ಕ ಕೇಂದ್ರ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ರಾಯಚೂರಿನಿಂದ ಅದು ನಾನೂರು ಕಿಲೋಮೀಟರ್. ಅಷ್ಟು ದೂರ ಹೋದರೂ ರಕ್ತದಲ್ಲಿನ ರೋಗನಿರೋಧಕ ಕಣಗಳ ಎಣಿಕೆ (ಸಿಡಿ4) 200ಕ್ಕಿಂತ ಕೆಳಗಿಳಿಯುವವರೆಗೆ ಸಾಮಾನ್ಯವಾಗಿ ಮಾತ್ರೆಯಿಲ್ಲ. ಆಗ ಮೊದಲೇ ತಿಳಿದುಕೊಳ್ಳುವುದೆಂದರೆ ಔಷಧವಿಲ್ಲದೆ ಅಪವಾದ ಹೊರುವುದು. ಜನ ಪರೀಕ್ಷೆಗೆ ಹಿಂಜರಿದದ್ದನ್ನು ಬರೀ ಅಜ್ಞಾನ ಎನ್ನಲಾಗದು. ಆ ಸಿಡಿ4 ಮಿತಿ ಮುಂದೆ 350ಕ್ಕೆ, 500ಕ್ಕೆ ಏರಿತು. 2017ರಲ್ಲಿ ಎಣಿಕೆಯ ತಂಟೆಯೇ ಬೇಡ, ಪತ್ತೆಯಾದ ಎಲ್ಲರಿಗೂ ಕೂಡಲೇ ಚಿಕಿತ್ಸೆ ಎಂದಾಯಿತು. ಮಾತ್ರೆ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡದೆಂಬುದೂ ಈಗ ಸ್ಥಿರಪಟ್ಟಿದೆ. ಅಪಾಯವಾದ 72 ಗಂಟೆಯೊಳಗೆ ಮಾತ್ರೆ ಶುರುಮಾಡಿ 28 ದಿನ ನುಂಗಿದರೆ ಸೋಂಕನ್ನೇ ತಡೆಯುವ ಸಾಧ್ಯತೆ ಹೆಚ್ಚು. ಇಲ್ಲಿ ಲಕ್ಷಣಕ್ಕೆ ಕಾಯುವುದೇ ತಪ್ಪು.

ಇಂದು ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲೇ ಎಆರ್‌ಟಿ ಕೇಂದ್ರವಿದೆ. ಬೆರಳು ಚುಚ್ಚಿ ಮೊದಲ ತಪಾಸಣೆ ಮಾಡುವ ವ್ಯವಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೂ ಇಳಿದಿದೆ. ಅಲ್ಲಿ ಅನುಮಾನ ಬಂದರೆ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ಬೇರೆ ಕಿಟ್‌ಗಳಿಂದ ಖಚಿತಪಡಿಸುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ. ಇಷ್ಟಾಗಿಯೂ ಈ ಸೀಮೆಯಲ್ಲಿ ಎಚ್‌ಐವಿ ಎಂದೊಡನೆ ಬೆರಳು ಮಾಜಿ ದೇವದಾಸಿಯರ ಕಡೆಗೇ ತಿರುಗುತ್ತದೆ. 1982ರ ನಿಷೇಧ ಕಾಯ್ದೆಯ ನಂತರವೂ ಆ ಹೆಣ್ಣುಮಕ್ಕಳು ಹೊರುತ್ತಿರುವ ಕಳಂಕದಿಂದ ಉಳಿದವರಿಗೆ ಆದ ಲಾಭ ಒಂದೇ: ತಮ್ಮನ್ನು ತಾವು ಅನುಮಾನದ ಪಟ್ಟಿಯಿಂದ ಹೊರಗಿಟ್ಟುಕೊಳ್ಳಲು ನೆಪ. ಗಂಡನೊಬ್ಬನನ್ನೇ ಬಲ್ಲ ಹೆಂಡತಿಗೆ ಗರ್ಭಿಣಿಯರ ತಪಾಸಣೆಯಲ್ಲಿ ಸೋಂಕು ಪತ್ತೆಯಾಗುವುದು ಆ ನೆಪದ ನೆರಳಿನಲ್ಲೇ.

ಇನ್ನೊಂದು ತೊಡಕು ಗುಳೆಯದು. ದೇವದುರ್ಗದ ಹಳ್ಳಿಗಳಿಂದ ಕೂಲಿಗೆ ಬೆಂಗಳೂರಿನ ಕಟ್ಟಡಗಳಿಗೆ ಹೋಗುವವನಿಗೆ ಮೊದಲ ಜ್ವರ ಅಲ್ಲಿ ಬರುತ್ತದೆ, ಶೆಡ್ಡಿನ ಪಕ್ಕದ ಕ್ಲಿನಿಕ್ಕಿನಲ್ಲಿ ಇಳಿಯುತ್ತದೆ. ಊರಿಗೆ ಬಂದು ಪರೀಕ್ಷೆ ಮಾಡಿಸಿದವನಿಗೆ ಆಪ್ತಸಮಾಲೋಚಕರು “ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಬರ್ರೀ ಅಣ್ಣಾ” ಎಂದರೆ, “ಅಷ್ಟೊತ್ತಿಗೆ ನಾವು ಇಲ್ಲಿ ಇರಂಗಿಲ್ರಿ” ಎಂಬ ಉತ್ತರ ಸಿದ್ಧ. ಐಸಿಟಿಸಿ ಪರೀಕ್ಷೆ ದೇಶದಲ್ಲೆಲ್ಲ ಉಚಿತ, ಸಹಾಯವಾಣಿ 1097 ಎಲ್ಲಿಂದ ಕರೆದರೂ ಸಿಗುತ್ತದೆ. ಹಾಗಾಗಿ ಚೀಟಿಯಲ್ಲಿ ತಾರೀಖಿನ ಜೊತೆ ಅವನು ದುಡಿಯುವ ಜಾಗಕ್ಕೆ ಹತ್ತಿರದ ಕೇಂದ್ರದ ಹೆಸರನ್ನೂ ಬರೆದುಕೊಡಬಹುದು. ಅದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ.