ನೀವುವ ಕೈ ಮತ್ತು ವಿಮೆಯ ಹಾಸಿಗೆ

ಕೊಡಗಿನ ತೋಟಗಳಲ್ಲಿ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಬೆನ್ನು, ಭುಜ, ಮಂಡಿ ನೋಯದ ಕಾರ್ಮಿಕರು ವಿರಳ. ಬಗ್ಗಿ ಉದುರು ಹಣ್ಣು ಹೆಕ್ಕಿ, ಚೀಲ ಹೊತ್ತು ಇಳಿಜಾರು ದಾಟುವ ದೇಹಕ್ಕೆ ಎಣ್ಣೆ ಹಚ್ಚಿ ನೀವುವುದು ನಮ್ಮ ನಾಡಿನ ಹಳೆಯ ಉಪಚಾರ. ಆಯುರ್ವೇದ ಇದನ್ನೇ ಅಭ್ಯಂಗವೆನ್ನುತ್ತದೆ. ಇಂದು ಜಿಲ್ಲೆಯ ರೆಸಾರ್ಟುಗಳಲ್ಲಿ ಪ್ರವಾಸಿಗರಿಗೆ ಅದು ಸುಲಭವಾಗಿ ದೊರೆಯುತ್ತದೆ. ದುಡಿದು ನೊಂದವರ ಪಾಲಿಗೆ ಅದರ ವೆಚ್ಚವನ್ನು ಭರಿಸುವವರಾರು? ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ.

ಕಾರ್ಮಿಕರಿಗೆ ಕಡ್ಡಾಯ ಆರೋಗ್ಯ ವಿಮೆಯನ್ನು ಕಾನೂನಾಗಿ ತಂದ ಮೊದಲ ದೇಶ ಜರ್ಮನಿ. ಬಿಸ್ಮಾರ್ಕನ ಆಡಳಿತದಲ್ಲಿ, 1883ರಲ್ಲಿ. ಅಲ್ಲಿ ಇಂದಿಗೂ ವೈದ್ಯರು ಚೀಟಿ ಬರೆದರೆ ಅಂಗಮರ್ದನವೂ ವಿಮೆಗೆ ಸೇರುತ್ತದೆ. ವಯಸ್ಕ ರೋಗಿ ವೆಚ್ಚದ ಶೇ. 10ರಷ್ಟನ್ನೂ ಚೀಟಿಗೆ 10 ಯೂರೋವನ್ನೂ ಕೊಡಬೇಕು. ಉಳಿದುದು ವಿಮಾನಿಧಿಯ ಹೊಣೆ. ಆಸ್ಪತ್ರೆಯಲ್ಲಿ ಮಲಗಬೇಕೆಂಬ ಷರತ್ತಿಲ್ಲ.

ನಮ್ಮಲ್ಲಿ 1948ರ ನೌಕರರ ರಾಜ್ಯ ವಿಮಾ ಕಾಯಿದೆ ಮುಖ್ಯವಾಗಿ ಕಾರ್ಖಾನೆಯ ದುಡಿಮೆಗಾರರನ್ನು ಗಮನಿಸಿತು. ತೋಟಗಳಿಗೆ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ ಬಂದಿತು. ವಿಮೆಯ ಬದಲು, ಕಾರ್ಮಿಕರ ಮತ್ತು ಅವರ ಕುಟುಂಬದವರ ವೈದ್ಯಕೀಯ ಸೌಲಭ್ಯವನ್ನು ತೋಟದ ಮಾಲೀಕರ ಕರ್ತವ್ಯವೆಂದು ಅದು ವಿಧಿಸಿತು. 1981ರ ತಿದ್ದುಪಡಿಯ ಬಳಿಕ 5 ಹೆಕ್ಟೇರ್ ವಿಸ್ತೀರ್ಣವೂ 15 ಕಾರ್ಮಿಕರೂ ಇರುವ ತೋಟಗಳು ಅದರ ವ್ಯಾಪ್ತಿಗೆ ಬಂದವು. ಆದರೆ ಕೊಡಗಿನಲ್ಲಿ ಸಣ್ಣ ಹಿಡುವಳಿಗಳೇ ಬಹಳ. ಅಲ್ಲಿ ದುಡಿಯುವವರು ಆ ಗೆರೆಯ ಹೊರಗೇ ಉಳಿದರು.

2003ರಲ್ಲಿ ಕರ್ನಾಟಕದ ಸಹಕಾರಿ ರೈತರಿಗಾಗಿ ಯಶಸ್ವಿನಿ ಯೋಜನೆ ಆರಂಭವಾಯಿತು. ವರ್ಷಕ್ಕೆ 60 ರೂಪಾಯಿ ಕೊಟ್ಟ ಸದಸ್ಯನಿಗೆ ದೊಡ್ಡ ಶಸ್ತ್ರಚಿಕಿತ್ಸೆಯ ಆಸರೆ ದೊರೆತದ್ದು ಸಾಮಾನ್ಯ ಸಾಧನೆಯಲ್ಲ. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನವಾದ ಈ ಯೋಜನೆಗೆ 2022ರಲ್ಲಿ ಮರುಜೀವ ಬಂದಿತು. ಆದರೂ ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ನೆರವು. ಕತ್ತರಿ ಬೇಡದ, ಆದರೆ ದಿನಗೂಲಿಯನ್ನು ಕಸಿಯುವ ನೋವಿಗೆ ಅಲ್ಲಿ ಎಡೆ ಕಡಿಮೆ.

2013ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಆಯುರ್ವೇದ ಮೊದಲಾದ ಆಯುಷ್ ಪದ್ಧತಿಗಳಿಗೆ ವಿಮೆಯ ಬಾಗಿಲು ತೆರೆಯಿತು. 2024ರ ಏಪ್ರಿಲ್ 1ರೊಳಗೆ ಅವುಗಳನ್ನು ಇತರ ಚಿಕಿತ್ಸೆಗಳಿಗೆ ಸಮಾನವಾಗಿ ಕಾಣುವಂತೆ ಕಂಪನಿಗಳಿಗೆ ಸೂಚಿಸಿತು. ಹೀಗಾಗಿ ನಿಯಮಬದ್ಧ ಆಯುಷ್ ಆಸ್ಪತ್ರೆಯಲ್ಲಿ ರೋಗಕ್ಕೆಂದು ದಾಖಲಾಗಿ ಪಡೆದ ಪಂಚಕರ್ಮದ ಜೊತೆಗೆ, ಅದರ ಪೂರ್ವಕರ್ಮವಾದ ಅಭ್ಯಂಗವೂ ಪಾಲಿಸಿಯ ಷರತ್ತಿಗೊಳಪಟ್ಟು ವಿಮೆಗೆ ಸೇರಬಹುದು. ಸ್ಪಾಗಳಲ್ಲಿ ಪಡೆದ ಸೇವೆಯನ್ನು ಮಾತ್ರ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಆದ್ದರಿಂದ ಚಿಕಿತ್ಸೆಗೆ ಮುನ್ನ ವೈದ್ಯರ ಲಿಖಿತ ಸಲಹೆ ಪಡೆಯಿರಿ, ಆಸ್ಪತ್ರೆಯ ನೋಂದಣಿಯನ್ನು ವಿಚಾರಿಸಿರಿ, ಕಂಪನಿಯ ಒಪ್ಪಿಗೆ ಕೇಳಿರಿ.

ವಿಮೆಯು ರೋಗವನ್ನು ಆಸ್ಪತ್ರೆಯ ಹಾಸಿಗೆಯಿಂದ ಅಳೆಯುವುದೇ ಇಲ್ಲಿನ ತೊಡಕು. ಬೆನ್ನುನೋವಿಗೆ ವಾರಕ್ಕೆರಡು ಬಾರಿ ನೀವಿಸಿಕೊಂಡು ಮರುದಿನ ಕೆಲಸಕ್ಕೆ ಹೋಗುವ ಹೆಂಗಸು ಅದರ ಕಣ್ಣಿಗೆ ರೋಗಿಯೇ ಅಲ್ಲ. ಎಲ್ಲ ನೋವಿಗೂ ಅಂಗಮರ್ದನವೇ ಮದ್ದೆಂದು ನಾನು ಹೇಳುತ್ತಿಲ್ಲ. ಅದನ್ನು ವೈದ್ಯರು ನಿರ್ಧರಿಸಲಿ. ಅವರು ನಿರ್ಧರಿಸಿದ ಮೇಲೆ ಬಡತನವು ಅದಕ್ಕೆ ಅಡ್ಡಿಯಾಗಬಾರದು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಒಂದು ದಾರಿ ಕಾಣುತ್ತದೆ. ತೋಟದ ಮಾಲೀಕರು ಬಯಸಿದರೆ ತಮ್ಮ ಕಾರ್ಮಿಕರನ್ನು ನೌಕರರ ರಾಜ್ಯ ವಿಮೆಗೆ ಸೇರಿಸಬಹುದು. ಆ ಯೋಜನೆಯಲ್ಲಿ ಹೊರರೋಗಿಗಳಿಗೂ ಚಿಕಿತ್ಸೆಯುಂಟು. ಆಯುಷ್ ಸೇವೆಯೂ ಅದರ ಭಾಗವಾಗಿದೆ. ಆದರೆ ಮಾಲೀಕರ ಇಚ್ಛೆಗೆ ಬಿಟ್ಟ ದಾರಿ ತಾನಾಗಿ ತೆರೆಯದು. ನಿಮ್ಮಲ್ಲಿ ತೋಟವುಳ್ಳವರಿದ್ದರೆ ಈ ವಿಷಯವನ್ನು ಈ ಕುಯ್ಲಿಗೆ ಮೊದಲೇ ವಿಚಾರಿಸಿರಿ. ತೋಟದಲ್ಲಿ ದುಡಿಯುವವರಿದ್ದರೆ, ಕೂಲಿಯ ಮಾತಿನೊಡನೆ ಇದನ್ನೂ ಕೇಳಿರಿ.